ರಾಶಿಯೊಳಗೆ ಕೈಯಿಟ್ಟವಳು

ಸುಗ್ಗಿಯಲ್ಲಿ ಲಕ್ಷ್ಮಿ ಕಣಕ್ಕೆ ಬಂದು ಕೂರುತ್ತಾಳೆಂದು ತಂಬ್ರಹಳ್ಳಿ ಕಡೆ ಎಲ್ಲರೂ ನಂಬುತ್ತಾರೆ. ನಾನೂ ನಂಬುತ್ತೇನೆ. ಯಾರ ಕೈ ತಾಗಿದರೆ ಅವಳು ಮುನಿದು ಎದ್ದುಹೋಗುತ್ತಾಳೆ ಎಂಬುದನ್ನು ಮಾತ್ರ ಮನುಷ್ಯರೇ ಗೊತ್ತುಮಾಡಿಕೊಂಡಿದ್ದಾರೆ.

ತೊಂಬತ್ತೆಂಟರ ಸುಗ್ಗಿ. ಹರಪನಹಳ್ಳಿಯಲ್ಲಿ ಗುಮಾಸ್ತನಾಗಿದ್ದ ನಾಗೇಂದ್ರಪ್ಪ ಐದು ವರ್ಷದ ಮಗಳು ಕ್ರಾಂತಿಯನ್ನು ಜಂಬಣ್ಣನ ಹೊಲಕ್ಕೆ ಕರೆತಂದ. ಜೋಳ ಎಲ್ಲಿಂದ ಬರುತ್ತದೆಂದು ಕೇಳಿದರೆ ಹುಡುಗಿ ಅಂಗಡಿ ತೋರಿಸುತ್ತಿದ್ದಳು. ಆ ಹೊಲದಲ್ಲಿ ನಾಗೇಂದ್ರಪ್ಪನ ತಾಯಿ ಪಕ್ಕೀರಮ್ಮ ಮೂವತ್ತು ವರ್ಷದಿಂದ ಕೂಲಿ. ಊರಾಚೆಯ ಕೇರಿಯಲ್ಲಿ ಹುಟ್ಟಿದವನು ಎಲ್ಲಿ ನಿಲ್ಲಬೇಕೆಂಬುದನ್ನು ಅವನು ಚಿಕ್ಕಂದಿನಲ್ಲಿ ಇಲ್ಲೇ ಕಲಿತಿದ್ದ. ಮಗಳು ಅದನ್ನು ಕಲಿಯದೆ ಬೆಳೆಯಬೇಕೆಂಬುದೊಂದೇ ಅವನ ಹಟ. ನೆಂಟರಂತೆ ಬರುವುದು, ನೋಡುವುದು, ಹೋಗುವುದು.

ಜಂಬಣ್ಣ ಬಾಯ್ತುಂಬ ನಕ್ಕ. "ಬರ್ರಿ ಸಾಹೇಬ್ರ! ಏನ್ಲೇ ನಾಗ್ಯಾ, ಹೊಟ್ಟಿ ಬಂದೈತಲ್ಲಲೇ, ಕುರ್ಚಿ ಕೆಲಸ ಮೈಗೆ ಹತ್ತೈತಿ ನಿನಗ!"

ಕರುವಿನ ಹಗ್ಗ ಬಿಚ್ಚಿ ಕ್ರಾಂತಿಯ ಕೈಗೆ ಕೊಟ್ಟ. ಅವಳು ಕರುವನ್ನು ಎಳೆದಳೋ, ಕರು ಅವಳನ್ನು ಎಳೆಯಿತೋ, ಕಣದ ತುಂಬ ನಗು. ನಾಗೇಂದ್ರಪ್ಪನ ಎದೆ ಹಗುರಾಯಿತು.

ಅಷ್ಟರಲ್ಲಿ ಪಕ್ಕೀರಮ್ಮ ಕೊನೆಯ ಮೊರ ತೂರಿ ಮುಗಿಸಿದಳು. ತೆನೆ ಹರವಿದ್ದು, ಹೊಟ್ಟು ಬೇರೆ ಮಾಡಿದ್ದು, ಕಲ್ಲು ಆರಿಸಿದ್ದು ಎಲ್ಲ ಅವಳ ಕೈಯೇ. ಈಗ ಮೊರ ಇಟ್ಟು ದೂರ ಸರಿದಳು. ಜಂಬಣ್ಣ ರಾಶಿಯ ಸುತ್ತ ಬೂದಿಯ ಗೆರೆ ಎಳೆದು, ನೆತ್ತಿಗೆ ಸಗಣಿಯ ಬೆನಕನನ್ನಿಟ್ಟು, ಕಾಯಿ ಒಡೆದ. ಪೂಜೆಯಾದ ರಾಶಿಯನ್ನು ಅಳೆದು ಮುಗಿಸುವ ತನಕ ಕೇರಿಯವರು ಮುಟ್ಟುವಂತಿಲ್ಲ.

ಕ್ರಾಂತಿಗೆ ಇದನ್ನು ಯಾರು ಹೇಳಿದ್ದರು? ಕರು ಬಿಟ್ಟು ಓಡಿದವಳು ಗೆರೆ ದಾಟಿ ಎರಡೂ ಕೈಗಳನ್ನು ಮೊಣಕೈತನಕ ಜೋಳದೊಳಗೆ ಇಳಿಸಿದಳು.

"ಅಪ್ಪಾ, ಒಳಗ ಬೆಚ್ಚಗೈತಿ!"

ಜಂಬಣ್ಣ ಗದರುವ ಅಗತ್ಯವೇ ಬೀಳಲಿಲ್ಲ. ಪಕ್ಕೀರಮ್ಮ ಓಡಿಬಂದು ಮೊಮ್ಮಗಳ ರಟ್ಟೆ ಹಿಡಿದೆಳೆದು ಬೆನ್ನಿಗೆರಡು ಬಾರಿಸಿದಳು. "ಕಣ್ಣು ಹೋಗ್ಯಾವೇನ ನಿನಗ? ದೂರ ನಿಂದ್ರು! ತಪ್ಪಾತ್ರಿ ಧಣೇರ, ಕೂಸು, ತಿಳೀಲಿಲ್ಲ."

"ಇರ್ಲಿ ಬಿಡು ಪಕ್ಕೀರಮ್ಮ, ದೇವರಂಥ ಕೂಸು," ಎಂದ ಜಂಬಣ್ಣ ಮೆತ್ತಗೆ. ಹಾಗೆನ್ನುತ್ತಲೇ ಗಂಜಳ ತಂದು ರಾಶಿಗೆ ಚಿಮುಕಿಸಿದ.

"ಯವ್ವಾ, ಅದನ್ಯಾಕ ಹೊಡದಿ?" ನಾಗೇಂದ್ರಪ್ಪ ಮಗಳನ್ನು ತನ್ನ ಕಡೆಗೆ ಎಳೆದುಕೊಂಡ.

"ನಾ ಹೊಡದ್ರ ಎರಡೇಟಿಗೆ ಮುಗೀತಪ್ಪ. ನೀ ಸಂಜಿ ಬಸ್ಸಿಗೆ ಹೋಗಾಂವ. ನಾಳಿ ಇಲ್ಲಿ ಕೂಲಿಗೆ ಬರಾಕಿ ನಾನು."

ಅವನು ಮಗಳ ಕೈ ಹಿಡಿದು ಹೊರಟ. ಜಂಬಣ್ಣ ಬಿಡಲಿಲ್ಲ. "ಏ ತಡೀಲೇ, ಕಣಕ್ಕ ಬಂದ ಕೂಸು ಬರಿಗೈಲಿ ಹೋಗಬಾರ್ದು. ಬಾರವ್ವ ಇಲ್ಲಿ." ರಾಶಿಯಿಂದ ಒಂದು ಸೇರು ಕಾಳು ಮೊಗೆದ.

ಕ್ರಾಂತಿ ಅಪ್ಪನ ಕೈ ಬಿಡಿಸಿಕೊಂಡು ಹೋದಳು. ಅಜ್ಜಿಯ ಮುಖ ಒಮ್ಮೆ ನೋಡಿದಳು. ಗೆರೆಯಿಂದ ಎರಡು ಹೆಜ್ಜೆ ಈಚೆಗೇ ನಿಂತು, ತಲೆ ತಗ್ಗಿಸಿ, ಜಂಬಣ್ಣನ ಕೈ ತಾಗದಂತೆ ಲಂಗವನ್ನು ಉದ್ದಕ್ಕೆ ಚಾಚಿ ಹಿಡಿದಳು. ಯಾರೂ ಹೇಳಿರಲಿಲ್ಲ.

"ಜಾಣಿ ಅದಾಳ ನಿನ್ನ ಮಗಳು," ಎಂದು ಜಂಬಣ್ಣ ಮೇಲಿನಿಂದ ಸುರಿದ.

ನಾಗೇಂದ್ರಪ್ಪನಿಗೆ ಇಷ್ಟು ಕಲಿಯಲು ಎರಡು ಸುಗ್ಗಿ ಹಿಡಿದಿತ್ತು.