ಹೆಗಲ ಮೇಲೆ ಹೊತ್ತ ಫೋಟೋ

ಮೆರೆಸಿದರಂತೆ. ನನ್ನ ಗಂಡನನ್ನು ಅಭಿಮಾನಿಗಳು ಹೆಗಲ ಮೇಲೆ ಹೊತ್ತು ಮೆರೆಸಿದರಂತೆ! ಸಭಾಂಗಣದ ಬಾಗಿಲಲ್ಲಿ ಕೈಗಿತ್ತ ಸ್ಮರಣ ಸಂಚಿಕೆಯಲ್ಲಿ ಅದನ್ನು ಓದಿ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಅದನ್ನು ಬರೆದವರು ಯಾರಂತೆ? ಸುರಯ್ಯಾ ರಹೀಮ್. ಅಂದರೆ ನಾನೇ.

ನಾನು ಮೈಸೂರಿನವಳು. ಈಗ ಇರುವುದು ಅಮೆರಿಕದಲ್ಲಿ, ಇಲ್ಲಿ ಭಾನುವಾರ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ನಮ್ಮ ಮನೆಯ ಮಾತು ಉರ್ದು, ಆದರೆ ಸಿಟ್ಟು ಬಂದರೆ ನನಗೆ ಕನ್ನಡವೇ ಬರುವುದು. ಮಾನ್ಮತ್ ಜಂಕ್ಷನ್ ಎಂಬ ಊರಿನ ನಚಿಕೇತ ನಾವಿರುವ ಫೋರ್ಟ್ ಲೀವರೆಗೆ ಡ್ರೈವ್ ಮಾಡಿಕೊಂಡು ನಮ್ಮ ಮನೆಗೆ ಬಂದಾಗ, ಧಾರವಾಡದ ಹುಡುಗ, ಪಾಪ, ಕೈಯಲ್ಲಿ ಪೇಡದ ಡಬ್ಬಿ ಬೇರೆ, ಎಂದು ಒಳಗೆ ಕರೆದು ಕೂರಿಸಿದೆ. ಅವನೂ ಅವನ ಸ್ನೇಹಿತರೂ ಸೇರಿ ಇಂಗ್ಲೆಂಡಿನಲ್ಲಿ ಹ್ಯಾದರ್‌ಬೆಕ್ ಟೌನ್ ಎಂಬ ಸಣ್ಣ ಫುಟ್‌ಬಾಲ್ ಕ್ಲಬ್ ಕೊಂಡಿದ್ದರು. ಆ ಕ್ಲಬ್ಬಿನಲ್ಲಿ ಹಿಂದೆ ಒಬ್ಬ ಬೆಂಗಳೂರಿನವರು ಆಡಿದ್ದರು, ಈಗ ಅಮೆರಿಕದಲ್ಲೇ ನೆಲೆಸಿದ್ದಾರೆ ಎಂದು ಯಾರೋ ಹೇಳಿದರಂತೆ. "ಅಂಕಲ್, ನೀವ ನಮ್ಮ ಹೆರಿಟೇಜ್‌ರೀ" ಎಂದು ನನ್ನ ಗಂಡನ ಕಾಲಿಗೆರಗಿದ. ಕ್ಲಬ್ ಕೊಂಡ ಸಂಭ್ರಮಕ್ಕೆ ಇಲ್ಲೇ ಒಂದು ಸಮಾರಂಭ ಮಾಡುತ್ತೇವೆ, ಅದರ ಸ್ಮರಣ ಸಂಚಿಕೆಗೆ ಕ್ಲಬ್ಬಿನ ಚರಿತ್ರೆ ಬರೆದುಕೊಡಿ ಎಂದು ನನ್ನನ್ನು ಕೇಳಿದ. ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಅನ್ನುತ್ತಿದ್ದಳು ನಮ್ಮಮ್ಮ. ನಾನು ಕೇಳಲಿಲ್ಲ.

ಒಂದು ಚಳಿಗಾಲವೆಲ್ಲ ಕೂತು ಬರೆದೆ. ಉಣ್ಣೆ ಗಿರಣಿಯ ಕೂಲಿಗಳು ಚರ್ಚಿನ ಹಿಂದಿನ ಹೊಲದಲ್ಲಿ ಕ್ಲಬ್ ಕಟ್ಟಿದ್ದು, ಯುದ್ಧದ ಕಾಲದಲ್ಲಿ ಅದೇ ಮೈದಾನ ಉತ್ತು ಆಲೂಗಡ್ಡೆ ಬೆಳೆದದ್ದು, ಮರದ ಗ್ಯಾಲರಿ ಸುಟ್ಟುಹೋದಾಗ ಊರಿನ ಹೆಂಗಸರು ಕಡುಬು ಮಾರಿ ಮತ್ತೆ ಕಟ್ಟಿಸಿದ್ದು. ಅಲ್ಲಿ ಆಡುವವರು ವಾರವೆಲ್ಲ ಪ್ಲಂಬರ್, ಮೇಷ್ಟ್ರು, ಬಸ್ ಕಂಡಕ್ಟರ್, ಶನಿವಾರ ಮಾತ್ರ ಆಟಗಾರರು. ಅವರ ನಡುವೆ ಬೆಂಗಳೂರಿನ ಆಸ್ಟಿನ್ ಟೌನ್‌ನ ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿ ಬೆಳೆದ ಅಬ್ದುಲ್ ರಹೀಮ್, ಆ ಊರಿನ ಆಸ್ಪತ್ರೆಯ ಕಿರಿಯ ಡಾಕ್ಟರ್, ಎಡಗಡೆಯ ಫಾರ್ವರ್ಡ್. ಓಡಿದರೆ ಹಿಡಿಯುವವರಿರಲಿಲ್ಲ.

ಕೊನೆಗೆ ಆ ಶನಿವಾರವನ್ನೂ ಬರೆದೆ. ಬರೆಯಲೇ ಎಂದು ಮೊದಲೇ ಕೇಳಿದ್ದೆ. "ನಿನ್ನಿಷ್ಟ" ಎಂದಿದ್ದರು ರಹೀಮ್, ಅಷ್ಟೇ. ಆಗಿನ್ನೂ ನಾನು ಹೊಸ ಮದುವಣಗಿತ್ತಿ. ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಹೋಗಿ ಗ್ಯಾಲರಿಯಲ್ಲಿ ಕೂತಿದ್ದೆ. ಇವರು ಒದ್ದ ಚೆಂಡು ಗೋಲಿನ ಪಕ್ಕಕ್ಕೆ ಹೋಯಿತು. ನಮ್ಮದೇ ಕಡೆಯ ಜನ, ನಮ್ಮದೇ ಬಣ್ಣದ ಸ್ಕಾರ್ಫ್ ಸುತ್ತಿಕೊಂಡವರು, "ನಿನ್ನ ದೇಶಕ್ಕೆ ಹೋಗು" ಎಂದು ಕಿರುಚಿದರು. ಒಬ್ಬ ಬಾಟಲಿ ಎಸೆದ. ಎಡಗಣ್ಣಿನ ಮೇಲೆ ಬಿತ್ತು. ನಾಲ್ಕು ಜನ ಎತ್ತಿಕೊಂಡು ಹೋದರು, ಆಟ ಮುಂದುವರಿಯಿತು. ಕ್ಲಬ್ಬಿನಿಂದ ಒಬ್ಬ ನರಪಿಳ್ಳೆಯೂ ನೋಡಲು ಬರಲಿಲ್ಲ. ಜರ್ಸಿಯನ್ನು ಒಗೆದು ವಾಪಸು ಕೊಡಿ ಎಂದು ಫೋನ್ ಮಾತ್ರ ಬಂತು. ಆ ರಕ್ತವನ್ನು ತಣ್ಣೀರಿನಲ್ಲಿ ಉಜ್ಜಿ ಉಜ್ಜಿ ತೊಳೆದವಳು ನಾನು.

ಇಷ್ಟನ್ನೂ ಬರೆದುಕೊಟ್ಟಿದ್ದೆ. ಅಚ್ಚಾದದ್ದು, ಮೆರೆಸಿದರು!

ತಲೆ ಎತ್ತಿ ನೋಡುತ್ತೇನೆ, ವೇದಿಕೆಯ ಹಿಂದೆ ಗೋಡೆಯಗಲ ಫ್ಲೆಕ್ಸ್. ಅದರಲ್ಲಿ ಅದೇ ಶನಿವಾರದ ಫೋಟೋ. ನಾಲ್ಕು ಜನರ ಹೆಗಲ ಮೇಲೆ ರಹೀಮ್, ಮುಖದ ಮೇಲೆ ಟವೆಲ್. ಸುತ್ತ ಬಣ್ಣಬಣ್ಣದ ಬಲೂನು ಬೇರೆ ಬಿಡಿಸಿದ್ದರು. ಪಕ್ಕದಲ್ಲಿದ್ದ ರಹೀಮ್ ಅದನ್ನು ನೋಡಿ ಅಲ್ಲೇ ನಿಂತುಬಿಟ್ಟರು. ಅವರ ಕೈ ತಾನಾಗಿ ಎಡಹುಬ್ಬಿಗೆ ಹೋಯಿತು. ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ನಚಿಕೇತನನ್ನು ಹುಡುಕಿ ಹಿಡಿದೆ.

"ಏನಯ್ಯಾ ಇದು? ನಾನು ಬರೆದಿದ್ದೇನು, ನೀನು ಹಾಕಿರೋದೇನು?"

"ಆಂಟಿ, ಸಿಟ್ಟಾಗಬ್ಯಾಡ್ರಿ. ಆ ಬಾಟಲಿ ಮ್ಯಾಟರ್ ಸ್ವಲ್ಪ ನೆಗೆಟಿವ್ ಅನ್ನಿಸ್ತು, ತೆಗೆದ್ವಿ. ಇಂಗ್ಲೆಂಡಿನವ್ರೂ ಲೈವ್ ನೋಡ್ಲಿಕ್ಕತ್ತಾರ. ಸೆಲೆಬ್ರೇಷನ್ ಅದ ಅಲ್ರೀ?"

"ಮತ್ತೆ ಈ ಫೋಟೋ?"

"ಹಳೇ ಪೇಪರಿನ್ಯಾಗ ಸಿಕ್ತರೀ. ಮಸ್ತ್ ಅದ ಅಲ್ರೀ? ಹೆಗಲ ಮ್ಯಾಲೆ ಹೊತ್ತಾರ ಅಂದ್ರ ಅವತ್ತ ಗೆದ್ದಿರಬೇಕ್ರಿ."

ಗೆದ್ದಿರಬೇಕಂತೆ! ಗೆದ್ದವನನ್ನೂ ನಾಲ್ಕು ಜನ ಹೊರುತ್ತಾರೆ, ಸತ್ತವನನ್ನೂ ನಾಲ್ಕು ಜನ ಹೊರುತ್ತಾರೆ. ಯಾವುದೆಂದು ಹೊರಿಸಿಕೊಂಡವರನ್ನು ಒಂದು ಮಾತು ಕೇಳಬಾರದೇ? ಅವರು ಬದುಕಿದ್ದಾರೆ, ಫೋನ್ ನಂಬರ್ ಇದೆ, ಇವನೇ ಅವರ ಮನೆಯಲ್ಲಿ ಕೂತು ಚಹಾ ಕುಡಿದು ಹೋಗಿದ್ದಾನೆ. ಅದನ್ನೇ ಹೇಳಿದೆ. ನಚಿಕೇತ ಕೈಯಲ್ಲಿದ್ದ ಸಂಚಿಕೆಯನ್ನು ತಿರುವಿ ನೋಡಿದ. "ಈಗೇನ್ ಮಾಡೋದ್ರಿ ಆಂಟಿ, ಪ್ರಿಂಟ್ ಆಗಿಬಿಟ್ಟದ" ಎಂದ.

ಅಷ್ಟರಲ್ಲಿ ನಿರೂಪಕಿ ಹಂಸಿನಿ ಮೈಕಿನಲ್ಲಿ ರಹೀಮರ ಹೆಸರು ಕರೆದಳು. ನಮ್ಮವರ ಪದ್ಧತಿ ಗೊತ್ತಲ್ಲ: ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಆಮೇಲೆ "ಎರಡು ಮಾತು". ಆ ಎರಡು ಮಾತಿನಲ್ಲಿ ನಾಲ್ಕು ಸಲ ಧನ್ಯವಾದ ಹೇಳಿ ಇಳಿಯಬೇಕು. ರಹೀಮ್ ಏಳಲಿಲ್ಲ. ಹಂಸಿನಿ ಮತ್ತೆ ಕರೆದಳು. ನನಗೆ ತಡೆಯಲಾಗಲಿಲ್ಲ, ನಾನೇ ಹತ್ತಿದೆ, ಮೈಕ್ ಕಿತ್ತುಕೊಂಡೆ.

"ಈ ಪುಸ್ತಕದಲ್ಲಿ ನನ್ನ ಹೆಸರಿನ ಕೆಳಗೆ ಇರೋದು ಸುಳ್ಳು. ಇದು ಮೆರವಣಿಗೆ ಅಲ್ಲ. ಅವತ್ತು ಈ ಕ್ಲಬ್ಬಿನ ಅಭಿಮಾನಿಗಳೇ ಬಾಟಲಿಯಲ್ಲಿ ಇವರ ತಲೆ ಒಡೆದಿದ್ರು. ಆ ಟವೆಲ್ ಕೆಳಗಿರೋದು ಬೆವರಲ್ಲ, ರಕ್ತ. ಕ್ಲಬ್ ಕೊಂಡ್ಕೊಂಡ್ರಲ್ಲ, ಇದನ್ನೂ ಕೊಂಡಿದ್ದೀರಿ. ಬೇಕಾದ್ದು ಇಟ್ಕೊಂಡು ಬೇಡದ್ದು ಬಿಸಾಕೋಕೆ ಇದೇನು ಸೊಪ್ಪಿನ ಕಂತೆಯಾ?"

ಆಮೇಲೆ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು, ನೋಡುತ್ತ ನೋಡುತ್ತ ಎಲ್ಲರೂ ತಟ್ಟಿದರು. "ಎಷ್ಟು ಬ್ಯೂಟಿಫುಲ್ ಆಗಿ ಮಾತಾಡಿದ್ರಿ ಆಂಟಿ!" ಎಂದು ಹಂಸಿನಿ ಆ ಶಾಲನ್ನು ನನಗೇ ಹೊದಿಸಿಬಿಟ್ಟಳು. ಥೂ! ಬೈದರೂ ಚಪ್ಪಾಳೆ ತಟ್ಟುವ ಜನಕ್ಕೆ ಏನು ಹೇಳುವುದು? ನನಗೆ ಅಳು ಬರುವಷ್ಟು ಕೋಪ ಬಂತು.

ಆಗ ರಹೀಮ್ ಎದ್ದರು. ನಿಧಾನವಾಗಿ ಮೆಟ್ಟಿಲು ಹತ್ತಿ ಬಂದು ನನ್ನ ಹೆಗಲಿನಿಂದ ಶಾಲು ತೆಗೆದು, ಮಡಚಿ ಕುರ್ಚಿಯ ಮೇಲಿಟ್ಟರು.

"ಡ್ಯೂಟಿ ಜಾಸ್ತಿ ಆಯ್ತು, ಅದಕ್ಕೆ ಆಟ ಬಿಟ್ಟೆ ಅಂತ ಎಲ್ಲರಿಗೂ ಹೇಳಿದ್ದೆ. ಸುರಯ್ಯಾಗೂ ಅದನ್ನೇ ಹೇಳಿದ್ದೆ" ಎಂದರು. "ನನಗೆ ಭಯ ಆಗಿತ್ತು. ಗಾಯ ಮಾಯ್ದ ಮೇಲೆ ಒಂದು ದಿನ ಬೂಟು ಹಿಡ್ಕೊಂಡು ಗೇಟಿನವರೆಗೂ ಹೋದೆ. ಒಳಗೆ ಜನ ಕೂಗೋದು ಕೇಳಿಸ್ತು. ಅಲ್ಲೇ ಪ್ಯಾಂಟ್ ಒದ್ದೆ ಮಾಡ್ಕೊಂಡೆ. ಆವತ್ತಿನಿಂದ ಫುಟ್‌ಬಾಲ್ ಮುಟ್ಟಿಲ್ಲ. ಚರಿತ್ರೆ ಬರೀತೀರಲ್ಲ ನಚಿಕೇತ, ಇದನ್ನೂ ಬರೀರಿ. ಆಗಲ್ಲ ಅಂದ್ರೆ ನನ್ನ ಹೆಸರು ತೆಗೆದುಹಾಕಿ."

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಇವರಿಗೆ ಕೋಪವೇ ಬರುವುದಿಲ್ಲ, ಉಪ್ಪು ಖಾರ ಇಲ್ಲದ ಮನುಷ್ಯ ಎಂದು ಇಷ್ಟು ವರ್ಷ ಇವರನ್ನು ಆಡಿಕೊಂಡವಳು ನಾನು. ಕೈ ಹಿಡಿದು ಇಳಿಸಿಕೊಂಡು ಬಂದು ಅವರ ಪಕ್ಕದಲ್ಲೇ ಕೂತೆ. ಹೇಳಿದ್ದರೆ ಆ ಗೇಟಿನವರೆಗೆ ನಾನೂ ಬರುತ್ತಿದ್ದೆನಲ್ಲ, ಮಹರಾಯ!

ನಚಿಕೇತ ನಮ್ಮ ಮುಂದೆ ಬಂದು ನಿಂತ. ಮೈಕಿನಲ್ಲಿ ಹಂಸಿನಿ ಸಣ್ಣ ದನಿಯಲ್ಲಿ, ಬಿಸಿಬೇಳೆಬಾತ್ ರೆಡಿ ಇದೆ, ಎಲ್ಲರೂ ಊಟಕ್ಕೆ ಏಳಿ ಎಂದಳು. ಜನ ತಲೆ ತಗ್ಗಿಸಿಕೊಂಡು ನಮ್ಮನ್ನು ದಾಟಿ ಹೋದರು. ನಾವು ಏಳಲಿಲ್ಲ.