ಮುಕ್ಕುಂದದ ಗಾಳಿ

ಕೋಲಿನ ತುದಿಯ ಶಾವಿಗೆ ಎಳೆಯೊಂದು ಚಟ್ಟೆಂದು ಮುರಿದು ಮಾಳಿಗೆಯ ಮೇಲೆ ಬಿತ್ತು. ರಾಜಶ್ರೀ ಎತ್ತಿಕೊಂಡು ಉಗುರಿನಿಂದ ಒತ್ತಿ ನೋಡಿದಳು. ಮೇಲೆ ಗರಿಗರಿ, ಒಳಗಿನ್ನೂ ಹಸಿ. ಅಷ್ಟರಲ್ಲಿ ಅದರ ಪಕ್ಕದ್ದೂ ಮುರಿಯಿತು.

ಎರಡು ಹೊರಸು ಮಂಚಗಳ ನಡುವೆ ಅಡ್ಡ ಇಟ್ಟ ಕೋಲುಗಳ ಮೇಲೆ ಬೆಳಗಿನಿಂದ ಹೊಸೆದ ಶಾವಿಗೆ ಇಳಿಬಿದ್ದಿತ್ತು. ನಾಳೆ ಲಿಂಗಸುಗೂರಿನಲ್ಲಿ ನಾದಿನಿ ಅಶ್ವಿನಿಯ ಕುಬಸ, ಸೀಮಂತದ ಶಾಸ್ತ್ರ. ತವರಿನ ಬುತ್ತಿಯಲ್ಲಿ ತುಂಡು ಶಾವಿಗೆ ಹೋಗಬಾರದು, ಬಸುರಿಯ ಮಡಿಲಿಗೆ ಉದ್ದನೆಯ ಎಳೆಯೇ ಬೀಳಬೇಕು ಎಂಬುದು ಈ ಮನೆಯ ರೂಢಿ. "ಒಳಗ ಪಡಸಾಲ್ಯಾಗ ಒಣಗಸವಾ," ಎಂದು ಅತ್ತೆ ಸಂಗಮ್ಮ ಹೇಳಿದ್ದಳು. ಸಂತೆಕಲ್ಲೂರಿಗೆ ಸೊಸೆಯಾಗಿ ಬಂದ ಮೊದಲ ಬೇಸಿಗೆ. ರಾಜಶ್ರೀ ನಕ್ಕುಬಿಟ್ಟಿದ್ದಳು. "ನಮ್ಮ ಮುಕ್ಕುಂದದಾಗ ಬಯಲಗಾಳಿಗೇ ಹಾಕ್ತೀವ್ರಿ ಅತ್ತಿ. ಒಂದ ಎಳಿ ಮುರಿದಿದ್ದು ನಾ ನೋಡಿಲ್ಲ."

ಮಧ್ಯಾಹ್ನ ತಿರುಗಿದ್ದೇ ತಡ, ಮುದಗಲ್ಲ ಕಡೆಯಿಂದ ಗಾಳಿ ಎದ್ದಿತ್ತು. ಕೆನ್ನೆಗೆ ಒಲೆಯ ಝಳ ಬಡಿದಂತೆ ಬಡಿಯುತ್ತಿತ್ತು.

ಸದ್ದು ಕೇಳಿ ಸಂಗಮ್ಮ ಮೇಲೆ ಬಂದಳು. "ಬಂತೇನವಾ ನಿಮ್ಮ ಮುಕ್ಕುಂದದ ಗಾಳಿ?"

"ಅತ್ತಿ, ಮುರಿಯಾಕತ್ಯಾವ್ರಿ."

"ಕಾಣಾಕತ್ತೈತಿ. ನಾಳೆ ಬೀಗ್ತಿ ಮುಂದ ನುಚ್ಚು ಸುರದು ಬರೂದೇನು?"

ಪಕ್ಕದ ಮಾಳಿಗೆಯಿಂದ ಖಾತೂನ್‌ಬೀ ಕೂಗಿದಳು: "ಕೆಳಗ ಒಯ್ರೆವಾ ಲಗೂನ!"

"ಎಳಿ ಒಳಗಿನ್ನೂ ಹಸಿ ಐತಿ ಚಾಚಿ," ಎಂದಳು ರಾಜಶ್ರೀ. "ಮೆಟ್ಟಲದಾಗ ಒಂದಕ್ಕೊಂದು ಅಂಟಿ ಉಂಡಿ ಆಗತಾವ."

ಅವಳು ಪಡುವಣಕ್ಕೆ ತಿರುಗಿದಳು. ಜೋಳ, ಕಡಲೆ ಕಿತ್ತಾದ ಮೇಲೆ ಎರೆಹೊಲ ಬಿರಿದು ಬೆತ್ತಲಾಗಿ ಮಲಗಿತ್ತು. ಕಣ್ಣು ಹಾಯುವವರೆಗೂ ಹಸಿರಿಲ್ಲ, ಕಾದ ನೆಲ. ಆ ನೆಲದ ಮೇಲೆ ಹರಿದಾಡಿ ಬರುವ ಗಾಳಿಗೆ ಸಿಗುವುದು ಕಾವೊಂದೇ; ದಾರಿಯಲ್ಲಿ ತೇವ ಸಿಗುವುದಿಲ್ಲ. ಮುಕ್ಕುಂದದಲ್ಲೂ ಬೇಸಿಗೆಯ ಗಾಳಿ ಇದೇ ಪಡುವಣದ್ದು. ಆದರೆ ಅಲ್ಲಿ ಅದು ತವರುಮನೆಯ ಮಾಳಿಗೆ ಮುಟ್ಟುವ ಮೊದಲು ನೀರು ನಿಂತ ಭತ್ತದ ಗದ್ದೆಗಳನ್ನು ದಾಟಬೇಕಿತ್ತು.

ಗದ್ದೆಯಂತೂ ಇಲ್ಲಿಲ್ಲ. ಆದರೆ ನೀರು?

"ಅತ್ತಿ, ಚಾದರ ತರ್ರಿ! ದಪ್ಪಂದು, ಇದ್ದಷ್ಟೂ. ಒಂದೆರಡು ಕೊಡ ನೀರು!"

"ಹುಚ್ಚ ಹಿಡೀತೇನ ಇಕಿಗೆ," ಎನ್ನುತ್ತಲೇ ಸಂಗಮ್ಮ ಮೆಟ್ಟಿಲಿಳಿದು ಚಾದರ, ನೀರು ಹೊತ್ತು ತಂದಳು. ಖಾತೂನ್‌ಬೀ ಏನೂ ಕೇಳದೆ ತನ್ನ ಎರಡು ಚಾದರಗಳನ್ನು ಗೋಡೆಯಾಚೆಯಿಂದ ಎಸೆದಳು. ಬಟ್ಟೆ ಒಣಹಾಕುವ ತಂತಿ ಪಡುವಣದ ಅಂಚಿಗೇ ಇತ್ತು. ರಾಜಶ್ರೀ ಚಾದರಗಳನ್ನು ನೀರಲ್ಲಿ ಅದ್ದಿ, ಹಿಂಡದೆ, ಆ ತಂತಿಯ ಮೇಲೆ ಸಾಲಾಗಿ ಹಾಕಿ, ಅಂಚಿಗೆ ಕಲ್ಲು ಹೇರಿದಳು. ಗಾಳಿ ಬಂದು ಗುದ್ದಿತು. ಚಾದರಗಳು ಹೊಟ್ಟೆಯುಬ್ಬಿಸಿದವು. ಅವುಗಳ ಸಂದಿಯಿಂದ ನುಸುಳಿ ಬಂದದ್ದು ಬೇರೆಯೇ ಗಾಳಿ.

ಅಷ್ಟರಲ್ಲಿ ಕಲ್ಲು ಜಾರಿ ಒಂದು ಚಾದರ ಕಿತ್ತುಕೊಂಡು, ನೇರ ಶಾವಿಗೆಯತ್ತ ಹಾರಿತು. ಸಂಗಮ್ಮ ಅಡ್ಡ ಬಿದ್ದಳು. ತೊಯ್ದ ಚಾದರ ಅವಳನ್ನು ನೆತ್ತಿಯಿಂದ ಮೊಣಕಾಲಿನವರೆಗೆ ಸುತ್ತಿಕೊಂಡಿತು.

"ಅತ್ತಿ!"

ಚಾದರದೊಳಗಿಂದ ದನಿ ಬಂತು. "ನನ್ನೇನ ನೋಡ್ತಿ, ಎಳಿ ನೋಡ."

ಮುಂದೆ ಚಾದರ ಆರಿದಂತೆಲ್ಲ ನೀರು ಸುರಿಯುವುದೇ ಕೆಲಸವಾಯಿತು. ಒಬ್ಬಳು ಕೊಡ ಹೊತ್ತು ತಂದರೆ ಇನ್ನೊಬ್ಬಳು ಚೆಂಬಿನಲ್ಲಿ ಎರಚಿದಳು. ಚಟ್ಟೆನ್ನುವ ಸದ್ದು ಬಿಡಿಬಿಡಿಯಾಯಿತು, ಆಮೇಲೆ ನಿಂತೇ ಹೋಯಿತು.

"ನಿಮ್ಮ ಮುಕ್ಕುಂದದ ಗದ್ದೀನ ತಂತಿಮ್ಯಾಗ ನೇತಹಾಕಿದಿ ನೋಡವಾ ನೀ," ಎಂದು ಖಾತೂನ್‌ಬೀ ನಕ್ಕಳು.

ಹೊತ್ತು ಇಳಿಯುವಾಗ ಸಂಗಮ್ಮ ಒಂದು ಎಳೆಯನ್ನು ಕೋಲಿನಿಂದ ಬಿಡಿಸಿ ಬೆಳಕಿಗೆ ಹಿಡಿದಳು. ಭುಜದಿಂದ ಬೆರಳ ತುದಿಯವರೆಗೂ ಅಖಂಡವಾಗಿತ್ತು. ಬುತ್ತಿಯ ಬುಟ್ಟಿಗೆ ಬಿಳಿ ಅರಿವೆ ಹಾಸಿ ಉದ್ದನೆಯ ಎಳೆಗಳನ್ನೆಲ್ಲ ಅದರಲ್ಲಿ ಮಲಗಿಸಿದಳು. ಮುರಿದದ್ದನ್ನು ಬೇರೆ ಬುಟ್ಟಿಗೆ ಬಳಿದಳು. "ಇದು ನಮಗ ರಾತ್ರಿಗೆ."

ರಾಜಶ್ರೀ ಬುಟ್ಟಿ ಇಳಿಸಿ ಮತ್ತೆ ಮೇಲೆ ಬಂದಾಗ ಕೋಲುಗಳು ಖಾಲಿಯಾಗಿದ್ದವು. ಸಂಗಮ್ಮ ಉಳಿದಿದ್ದ ನೀರನ್ನೆಲ್ಲ ಚಾದರಗಳ ಮೇಲೆ ಸುರಿದು, ಹೊರಸನ್ನು ಅವುಗಳ ಹಿಂದಕ್ಕೆ ಎಳೆದುಕೊಂಡು, ಸೆರಗು ಸರಿಸಿ, ಕಣ್ಣು ಮುಚ್ಚಿ ಕೂತಿದ್ದಳು. ಹೆಜ್ಜೆಯ ಸದ್ದಿಗೆ ಕಣ್ಣು ತೆರೆಯದೆಯೇ ಸ್ವಲ್ಪ ಪಕ್ಕಕ್ಕೆ ಸರಿದಳು.