ಕೊನೆಯ ಸಾಲಿನ ಲಘು

ತಮ್ಮ ತೀರಿಕೊಂಡ ಮೇಲೆ ಅವನ ಕವಿತೆಗಳನ್ನು ಅಚ್ಚಿಗೆ ಸಿದ್ಧಪಡಿಸುವ ಕೆಲಸ ಅಕ್ಕನ ಕೊರಳಿಗೆ ಬಿತ್ತು. ಛಂದಸ್ಸಿನ ಪಾಠ ಮಾಡಿಯೇ ತಲೆ ನರೆಸಿಕೊಂಡವಳು ಅವಳು. ಅವನೋ ಛಂದಸ್ಸಿಗೆ ಎಳ್ಳುನೀರು ಬಿಟ್ಟ ನವ್ಯ ಕವಿ. "ಅಕ್ಕಾ, ನೀನು ಅಳುವಾಗ್ಲೂ ಮಾತ್ರೆ ಎಣಿಸ್ತೀಯ" ಎಂದು ರೇಗಿಸುತ್ತಿದ್ದ.

ಅವನ ಕೊನೆಯ ಕವಿತೆಯ ಸಾಲುಗಳು ಎಲ್ಲೆಂದರಲ್ಲಿ ಮುರಿದಿದ್ದವು. ಸುಮ್ಮನಿರಲಾರದೆ ಒಂದು ಮಧ್ಯಾಹ್ನ ಪೆನ್ಸಿಲ್ ಹಿಡಿದು ಪ್ರಸ್ತಾರ ಹಾಕಿದಳು. ಎಳೆದು ನುಡಿಯುವ ಅಕ್ಷರ ಗುರು, ಚುಟುಕಾಗಿ ನುಡಿಯುವುದು ಲಘು. ಗುರು, ಲಘು, ಗುರು, ಲಘು. ಎಲ್ಲಿಯೂ ತಪ್ಪಿರಲಿಲ್ಲ. ಸಾಲು ಮುರಿದದ್ದೂ ಪ್ರತಿ ಸಲ ಗುರುವಿನ ಮೇಲೆಯೇ. ಲಘು ಮುಂದಿನ ಸಾಲಿಗೆ ಜಾರಿತ್ತು. ಬೆರಳಿನಿಂದ ಮೇಜು ಕುಟ್ಟುತ್ತಾ ಗಟ್ಟಿಯಾಗಿ ಓದಿದಾಗ ಗುರುತು ಸಿಕ್ಕಿತು. ಅದು ತಮ್ಮನ ನಡಿಗೆ! ಒಳ್ಳೆಯ ಕಾಲು ಭಾರವಾಗಿ ಊರುತ್ತಿತ್ತು, ಸೊಟ್ಟ ಕಾಲು ನೆಲ ಮುಟ್ಟಿದಂತೆ ಮಾಡಿ ಮೇಲೇಳುತ್ತಿತ್ತು.

ಬೆರಳು ನಿಂತರೂ ಸದ್ದು ನಿಲ್ಲಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಅದೇ ಕುಂಟು ನಡಿಗೆ ಹತ್ತಿ ಬಂದು, ಬಾಗಿಲಾಚೆ ತಡೆಯಿತು. ಕವಿತೆಯೂ ಹಾಗೆಯೇ, "ಬಾ" ಎಂಬ ಗುರುವಿನ ಮೇಲೆ ತಡೆದು ನಿಂತಿತ್ತು.

ಹೆದರಿಕೆಗಿಂತ ಆಸೆ ದೊಡ್ಡದಾಯಿತು. ಒಂದೇ ಒಂದು ಸಲ ಅವನ ಮುಖ ನೋಡಬೇಕಿತ್ತು ಅವಳಿಗೆ. ಆದರೂ ಪುಸ್ತಕ ತರುತ್ತಿದ್ದ ಪ್ರಕಾಶಕರಿಗೆ ಫೋನ್ ಮಾಡಿ, "ಕೊನೇಲಿ ಒಂದು ಲಘು ಬಿಟ್ಟುಹೋಗಿದೆ, ಸೇರಿಸ್ಲಾ?" ಎಂದು ಕೇಳಿದಳು.

"ಬೇಡ ಮೇಡಂ. ನಿಮ್ಮ ತಮ್ಮ ಆಸ್ಪತ್ರೆಯಿಂದ್ಲೇ ಹೇಳಿ ಕಳಿಸಿದ್ರು. ಎಲ್ಲಾ ತಿದ್ದಲಿ, ಆ ಸಾಲಿಗೆ ಮಾತ್ರ ಅಕ್ಕ ಕೈ ಹಾಕೋದು ಬೇಡ ಅಂತ."

"ಅವನದು ಯಾವಾಗ್ಲೂ ಇದ್ದಿದ್ದೇ!" ಎಂದು ಫೋನ್ ಇಟ್ಟಳು. ಜೀವಮಾನವಿಡೀ ಅವನ ಸಾಲುಗಳನ್ನು ತಿದ್ದಿದ ಕೈ ಅದು, ಸುಮ್ಮನಿದ್ದೀತೇ? "ಬಾ" ಪಕ್ಕದಲ್ಲಿ "ರೊ" ಬರೆದಳು. ಚಿಕ್ಕಂದಿನಲ್ಲಿ ಆಟದ ಬಯಲಿನಿಂದ ಕರೆಯುತ್ತಿದ್ದಂತೆಯೇ ಕರೆದಳು.

"ಬಾರೊ."

ಬೆನ್ನ ಹಿಂದೆ ಬಾಗಿಲು ತೆರೆದುಕೊಂಡಿತು. ಈಗ ಸೊಟ್ಟ ಕಾಲಿನ ಸರದಿ. ಹೆಜ್ಜೆ ಒಳಗೆ ಬಿತ್ತು, ಭಾರವಾಗಿ. ಆಮೇಲೆ ಇನ್ನೊಂದು, ಅಷ್ಟೇ ಭಾರವಾಗಿ.

ಸಾಲಿನ ಕೊನೆಗೆ ಬಂದ ಲಘುವೂ ಗುರುವೇ ಆಗುತ್ತದೆ ಎಂದು ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದಳೋ! ಆ ನಿಯಮ ಅವಳಿಗೆ ನೆನಪಾದದ್ದು ಈಗ. ತಮ್ಮನಿಗೆ ಅದು ಮೊದಲೇ ಗೊತ್ತಿತ್ತು; ಅದಕ್ಕೇ ಒಂದು ಸಾಲನ್ನೂ ಲಘುವಿನ ಮೇಲೆ ಮುಗಿಸಿರಲಿಲ್ಲ.

ಕುರ್ಚಿಯ ಹಿಂದೆ ಬಂದು ನಿಂತದ್ದು ಕುಂಟುತ್ತಿರಲಿಲ್ಲ.